ಗಿಡಮೂಲಿಕೆಯ ಹಲ್ಲು ಸೆಟ್ ಕ್ಲೀನರ್: ಬಾಯಿಗೆ ಹಿತ, ಸೆಟ್ಟಿಗೆ ಅಷ್ಟಕ್ಕಷ್ಟೇ

ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅನುಕೂಲ. ದೇವರಾಜ ಮಾರ್ಕೆಟ್ ಹತ್ತಿರದ ಒಂದು ಗ್ರಂಥಿಗೆ ಅಂಗಡಿಯಲ್ಲಿ ತಂದ ಈ ಗಿಡಮೂಲಿಕೆಯ ಕ್ಲೀನರ್ ವಾಸನೆ ಹೋಗಲಾಡಿಸಲು ಚೆನ್ನಾಗಿದೆ. ಜಿಡ್ಡು ತೆಗೆಯಲು ಪರವಾಗಿಲ್ಲ. ಹಳೇ ಕಲೆ ತೆಗೆಯಲು ಏನೂ ಪ್ರಯೋಜನವಿಲ್ಲ. ಬಾಟಲಿ ಮೇಲೆ ಬರೆದಿರುವ ಹಾಗೆ ರಾತ್ರಿಯಿಡೀ ನೆನೆಸಿಟ್ಟರೆ ಮಾತ್ರ ಸೆಟ್ಟಿಗೇ ಬಣ್ಣ ಹತ್ತುತ್ತದೆ. 200 ಎಂಎಲ್ ಬಾಟಲಿಗೆ 240 ರೂಪಾಯಿ. ಐದಕ್ಕೆ ಎರಡೂವರೆ ಸ್ಟಾರ್ ಕೊಟ್ಟಿದ್ದೇನೆ, ಅದರಲ್ಲಿ ಒಂದು ಸ್ಟಾರ್ ಅತ್ತೆಯ ಒತ್ತಾಯಕ್ಕೆ.

ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಯಾರೋ ಸಣ್ಣ ತಯಾರಕರು, ಅವರೊಬ್ಬರ ಮೇಲೆ ಗೂಬೆ ಕೂರಿಸುವುದು ನನಗೆ ಬೇಕಿಲ್ಲ. ಅದೂ ಅಲ್ಲದೆ ಇಂಥದ್ದೇ ಸಾಮಾನು ಬೇರೆ ಬೇರೆ ಹೆಸರಿನಲ್ಲಿ ಆನ್‌ಲೈನ್‌ನಲ್ಲೂ ಸಿಗುತ್ತದೆ. ಮುಂದಿನ ಹೆಸರಿಗಿಂತ ಬಾಟಲಿ ಹಿಂದಿನ ಪಟ್ಟಿ ಮುಖ್ಯ, ಅದನ್ನು ಓದುವುದು ಹೇಗೆ ಅಂತಲೇ ಈ ರಿವ್ಯೂ.

ನಮ್ಮ ಮನೆ ರಾಮಕೃಷ್ಣನಗರದಲ್ಲಿ. ಅತ್ತೆಗೆ ಎಂಬತ್ತು ದಾಟಿದೆ, ಮೇಲೆ ಕೆಳಗೆ ಎರಡೂ ಪೂರ್ತಿ ಸೆಟ್. ಮೇಲಿನದು ಮಾಮೂಲಿ ಗುಲಾಬಿ ಬಣ್ಣದ ಅಕ್ರಿಲಿಕ್. ಕೆಳಗಡೆ ವಸಡು ತುಂಬಾ ಸವೆದುಹೋಗಿರುವುದರಿಂದ ಒತ್ತಬಾರದು ಅಂತ ಡಾಕ್ಟರು ಒಳಗೆ ಒಂದು ಮೆತ್ತನೆ ಪದರ ಹಾಕಿಕೊಟ್ಟಿದ್ದಾರೆ. ಮಂಡ್ಯದಲ್ಲಿರುವ ನಮ್ಮ ಚಿಕ್ಕಪ್ಪನದು ಅರ್ಧ ಸೆಟ್, ಲೋಹದ ತಗಡು, ಲೋಹದ ಕೊಕ್ಕೆ. ಅಂದರೆ ಒಂದೇ ಬಾಟಲಿಯನ್ನು ಮೂರು ಥರದ ಸಾಮಾನಿನ ಮೇಲೆ ನೋಡುವ ಅವಕಾಶ ನನಗೆ ತಾನಾಗಿಯೇ ಸಿಕ್ಕಿತು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವಳು ನಾನು, ಸುಮ್ನೆ ಬಿಡುತ್ತೇನಾ?

ಇದುವರೆಗೆ ಬಳಸುತ್ತಿದ್ದದ್ದು ಮೆಡಿಕಲ್ ಶಾಪಿನ ಮಾತ್ರೆ. ಕ್ಲಿನ್ಸೋಡೆಂಟ್, ಫಿಟ್ಟಿಡೆಂಟ್ ಅಂತೆಲ್ಲ ಬರುತ್ತವಲ್ಲ, ನೀರಿಗೆ ಹಾಕಿದರೆ ಬುಸ್ ಅಂತ ನೊರೆ ಬರುವ ಜಾತಿ. ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಅಡಿಗೆ ಸೋಡಾ, ಸಿಟ್ರಿಕ್ ಆಸಿಡ್, ಜೊತೆಗೆ ಆಮ್ಲಜನಕ ಬಿಡುವ ಒಂದು ಲವಣ ಇರುತ್ತದೆ. ಸೋಡಾ ಮತ್ತು ಆಸಿಡ್ ಸೇರಿ ಗುಳ್ಳೆ, ಆ ಲವಣದಿಂದ ಬಿಳುಪು. ಕೆಲಸವೇನೋ ಮಾಡುತ್ತವೆ. ಆದರೆ ಅತ್ತೆಯದು ಒಂದೇ ದೂರು. "ಎಷ್ಟು ತೊಳೆದರೂ ಬಾಯಲ್ಲಿ ಆಸ್ಪತ್ರೆ ವಾಸನೆ ಕಣಮ್ಮ, ಬೆಳಗ್ಗೆ ಕಾಫಿನೂ ಹಾಗೇ ಇರುತ್ತೆ." ಅವರ ದೂರನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಕೆಲವು ಮಾತ್ರೆಗಳಲ್ಲಿರುವ ಪರ್‌ಸಲ್ಫೇಟ್ ಕೆಲವರಿಗೆ ಅಲರ್ಜಿ ಮಾಡುತ್ತದೆ. ಈ ಕಾರಣಕ್ಕೇ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಲೇಬಲ್ ತಿದ್ದಿ, ಬದಲಿ ವಸ್ತು ಯೋಚನೆ ಮಾಡಿ ಅಂತ ತಯಾರಕರಿಗೆ ಹೇಳಿತ್ತು. ಹಾಗಾಗಿ ಗಿಡಮೂಲಿಕೆಯದು ಹುಡುಕುವವರನ್ನು ನೋಡಿ ನಗಬೇಕಾಗಿಲ್ಲ.

ಅಂಗಡಿಯ ಬಗ್ಗೆ ಎರಡು ಮಾತು. ಅಂಟುವಾಳ, ಸೀಗೆಪುಡಿ, ಅಳಲೆಕಾಯಿ ಎಲ್ಲ ಒಳ್ಳೆ ಮಾಲು ಇಡುತ್ತಾರೆ, ಯಾವುದು ಹೊಸದು ಯಾವುದು ಹಳೆಯದು ಅಂತ ಕೇಳಿದರೆ ನಿಜ ಹೇಳುತ್ತಾರೆ. ಈ ಬಾಟಲಿ ಬಗ್ಗೆ ಮಾತ್ರ ಅವರಿಗೂ ಏನೂ ಗೊತ್ತಿರಲಿಲ್ಲ. "ಜನ ತಗೊಂಡು ಹೋಗ್ತಾರೆ ಮೇಡಂ, ವಾಪಸ್ ಯಾರೂ ತಂದಿಲ್ಲ" ಅಂದರು. ಸರಿ.

ಪಟ್ಟಿಯಲ್ಲಿ ಇದ್ದದ್ದು ಇಷ್ಟು: ಬೇವಿನ ಸಾರ, ತ್ರಿಫಲ, ಅಂಟುವಾಳ, ಲವಂಗದ ಎಣ್ಣೆ, ಪುದೀನ ಎಣ್ಣೆ, ಕೊನೆಗೆ "ಬೇಸ್". ಈ ಬೇಸ್ ಅಂದರೇನು? ನೀರಾ, ಆಲ್ಕೋಹಾಲಾ, ಗ್ಲಿಸರಿನ್ನಾ? ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಹಾಗಿದ್ದೂ ಬಾಟಲಿಯಲ್ಲಿ ಎಣ್ಣೆ ಮೇಲೆ ತೇಲುತ್ತಿಲ್ಲ ಅಂದರೆ ಅದನ್ನು ಹಿಡಿದಿಡುವ ಏನೋ ಒಂದು ಇರಲೇಬೇಕು. ಲೇಬಲ್ ಮೇಲಿನ ನಂಬರಿಗೆ ಫೋನ್ ಮಾಡಿ ಕೇಳಿದೆ. ಆಲ್ಕೋಹಾಲ್ ಇದೆಯಾ, ಪಿಎಚ್ ಎಷ್ಟು, ಲೋಹದ ಸೆಟ್ಟಿಗೆ ಹಾಕಬಹುದಾ. ಆ ಕಡೆಯ ಹುಡುಗ ಪಾಪ ತುಂಬಾ ಮರ್ಯಾದೆಯಿಂದ ಮೂರಕ್ಕೂ ಒಂದೇ ಉತ್ತರ ಕೊಟ್ಟ: "ಎಲ್ಲಾ ನ್ಯಾಚುರಲ್ ಮೇಡಂ." ಹರಳೆಣ್ಣೆಯೂ ನ್ಯಾಚುರಲ್, ಎಕ್ಕದ ಹಾಲೂ ನ್ಯಾಚುರಲ್. ನಾನು ಕೇಳಿದ್ದು ಅದಲ್ಲವಲ್ಲಪ್ಪಾ!

ಅತ್ತೆಯ ಬಾಯಲ್ಲಿರುವ ಸೆಟ್ಟಿನ ಮೇಲೆ ಪ್ರಯೋಗ ಮಾಡುವ ಧೈರ್ಯ ನನಗಿರಲಿಲ್ಲ. ಅದೃಷ್ಟಕ್ಕೆ ಅವರ ಹಳೇ ಮೇಲಿನ ಸೆಟ್ ಬೀರುವಿನಲ್ಲಿತ್ತು, ನಡುವೆ ಸರಿಯಾಗಿ ಎರಡು ಹೋಳು. ಮೇಲಿನ ಸೆಟ್ಟುಗಳು ಒಡೆದರೆ ಹೆಚ್ಚಾಗಿ ಹೀಗೆ ನಡುಗೆರೆಯಲ್ಲೇ ಒಡೆಯುತ್ತವೆ. ಅದು ಹಿಂದೊಮ್ಮೆ ಬಿರುಕು ಬಿಟ್ಟಾಗ ಲ್ಯಾಬಿನಲ್ಲಿ ಅಂಟಿಸಿಕೊಟ್ಟಿದ್ದರು, ಆ ರಿಪೇರಿ ಪಟ್ಟಿಯ ನಡುವಿನಲ್ಲೇ ಮತ್ತೆ ಒಡೆದಿತ್ತು. ಎರಡೂ ಹೋಳಿನ ಅಂಚಿನಲ್ಲಿ ರಿಪೇರಿಯ ತುಣುಕು ಉಳಿದಿತ್ತು. ಒಂದು ಹೋಳನ್ನು ಬಾಟಲಿಯಲ್ಲಿ ಹೇಳಿದ ಅಳತೆಗೆ ಬೆರೆಸಿದ ದ್ರಾವಣದಲ್ಲಿ, ಇನ್ನೊಂದನ್ನು ಬರೀ ನಲ್ಲಿ ನೀರಿನಲ್ಲಿ, ರಾತ್ರಿ ನೆನೆಸಿ ಬೆಳಗ್ಗೆ ತೊಳೆಯುವುದು. ಅತ್ತೆಗೆ ಇದು ದೊಡ್ಡ ತಮಾಷೆ. "ನನ್ನ ಹಲ್ಲಿಗೆ ನಿನ್ನ ಲ್ಯಾಬಿನಲ್ಲಿ ಪರೀಕ್ಷೆನಾ? ಪಾಸಾಯ್ತಾ?" ಅಂತ ದಿನಾ ಕೇಳುತ್ತಿದ್ದರು.

ಒಂದು ತಿಂಗಳಿನ ಮೇಲೆ ಕಿಟಕಿ ಬೆಳಕಿಗೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ವ್ಯತ್ಯಾಸ ಕಾಣುತ್ತಿತ್ತು. ಮೂಲಿಕೆ ನೀರಿನಲ್ಲಿದ್ದ ಹೋಳಿನಲ್ಲಿ ಹಲ್ಲು ವಸಡಿಗೆ ಸೇರುವ ಕಡೆ ತೆಳು ಕಂದು ಗೆರೆ. ಗುಲಾಬಿ ಭಾಗ ಸ್ವಲ್ಪ ಮಂಕು, ಕನ್ನಡಕ ಹಾಕಿಕೊಂಡರೆ ಮಾತ್ರ ಗೊತ್ತಾಗುವಷ್ಟು. ಆದರೆ ರಿಪೇರಿ ಮಾಡಿದ್ದ ಅಂಚು ಮಾತ್ರ ಎದ್ದು ಕಾಣುವಷ್ಟು ಕಂದಾಗಿತ್ತು. ನೀರಿನಲ್ಲಿದ್ದ ಹೋಳಿನ ಅದೇ ಅಂಚು ಇದ್ದ ಹಾಗೇ ಇತ್ತು.

ಇದು ಯಾಕೆ ಹೀಗಾಯಿತು ಅನ್ನುವುದರಲ್ಲೇ ಇಡೀ ವಿಷಯ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. ಸೆಟ್ಟಿನ ಗುಲಾಬಿ ಭಾಗ, ಅಂದರೆ ಆಗಲೇ ಹೇಳಿದ ಅಕ್ರಿಲಿಕ್, ಪಾಲಿಮೀಥೈಲ್ ಮೆಥಾಕ್ರಿಲೇಟ್ ಅನ್ನುವ ಪ್ಲಾಸ್ಟಿಕ್. 1930ರ ದಶಕದ ಕೊನೆಯಲ್ಲಿ ಬಂದದ್ದು, ಅದಕ್ಕೆ ಮುಂಚೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರಿನಲ್ಲಿ ಹಲ್ಲು ಕೂರಿಸುತ್ತಿದ್ದರು. ಈ ಪ್ಲಾಸ್ಟಿಕ್ ನೋಡಲು ಕಲ್ಲಿನ ಹಾಗಿದ್ದರೂ ನೀರು ಕುಡಿಯುತ್ತದೆ. ಎಷ್ಟು ಕುಡಿಯಬಹುದು ಅನ್ನುವುದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಒಂದು ಘನ ಮಿಲಿಮೀಟರಿಗೆ 32 ಮೈಕ್ರೋಗ್ರಾಂ ದಾಟಬಾರದು. ನೀರು ಒಳಗೆ ಹೋಗುವಾಗ ಅದರಲ್ಲಿ ಕರಗಿದ ಬಣ್ಣವೂ ಮೇಲ್ಮೈಗೆ ಹಿಡಿಯುತ್ತದೆ. ಹೊಸ ಸೆಟ್ಟನ್ನು ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ, ಅದು ಬಿಗಿಯಾಗಿರುತ್ತದೆ. ರಿಪೇರಿಗೆ ಬಳಸುವುದು ಬಿಸಿಯಿಲ್ಲದೆ ತಾನೇ ಗಟ್ಟಿಯಾಗುವ ಜಾತಿ. ಅದರಲ್ಲಿ ಸೂಕ್ಷ್ಮ ರಂಧ್ರ ಜಾಸ್ತಿ, ಸೇರದೆ ಉಳಿದ ಕಚ್ಚಾ ರಾಸಾಯನಿಕವೂ ಜಾಸ್ತಿ. ಬಿಸಿಯಲ್ಲಿ ಮಾಡಿದ್ದರಲ್ಲಿ ಇದು ಸಾಮಾನ್ಯವಾಗಿ ಶೇ. 0.2ರಿಂದ 0.5 ಉಳಿದರೆ ತಾನೇ ಗಟ್ಟಿಯಾಗುವುದರಲ್ಲಿ ಶೇ. 3ರಿಂದ 5ರವರೆಗೂ ಇರಬಹುದು. ಹಾಗಾಗಿ ಬಣ್ಣ ಅಲ್ಲೇ ಮೊದಲು ಹಿಡಿಯಿತು. ನಿಮ್ಮ ಮನೆಯ ಹಿರಿಯರ ಸೆಟ್ ಒಮ್ಮೆಯಾದರೂ ರಿಪೇರಿ ಆಗಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಬಣ್ಣ ಎಲ್ಲಿಂದ ಬಂತು? ತ್ರಿಫಲದಿಂದ. ನೆಲ್ಲಿಕಾಯಿ, ಅಳಲೆಕಾಯಿ, ತಾರೆಕಾಯಿ ಮೂರರಲ್ಲೂ ಟ್ಯಾನಿನ್ ತುಂಬಿದೆ. ಅಳಲೆಕಾಯಿಯಲ್ಲಿ ಚರ್ಮ ಹದ ಮಾಡುತ್ತಿದ್ದರು, ಕಬ್ಬಿಣದ ಜೊತೆ ಸೇರಿಸಿ ಕಪ್ಪು ಬಣ್ಣ, ಮಸಿ ಮಾಡುತ್ತಿದ್ದರು. ಬಟ್ಟೆಗೆ ಬಣ್ಣ ಕಟ್ಟಲು ಬಳಸುವ ಕಾಯನ್ನು ಬೆಳ್ಳಗಾಗಲಿ ಅಂತ ಹಲ್ಲಿಗೆ ಹಾಕಿದರೆ ಏನಾಗುತ್ತದೆ ಹೇಳಿ! ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರಂತೂ ಕಲೆ ಇನ್ನೂ ಕಪ್ಪಗೆ ಬರುತ್ತದೆ. ಕಾವೇರಿ ನೀರು ಬರುವ ಮನೆಗಳಲ್ಲಿ ಆ ತೊಂದರೆ ಕಡಿಮೆ. ಅರಿಶಿನ ಹಾಕಿದ ಪುಡಿಗಳೂ ಕೆಲವು ಕಡೆ ಸಿಗುತ್ತವೆ, ಅವನ್ನು ಮುಟ್ಟಲೇಬೇಡಿ. ನಮ್ಮ ಸಾರಿನ ಪ್ಲಾಸ್ಟಿಕ್ ಡಬ್ಬಿ ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ.

ಬಣ್ಣಕ್ಕಿಂತ ನನಗೆ ಜಾಸ್ತಿ ಯೋಚನೆ ಬಂದದ್ದು ಎಣ್ಣೆಯದು. ಲವಂಗದ ಎಣ್ಣೆಯಲ್ಲಿ ಯುಜೆನಾಲ್ ಇದೆ. ಹಲ್ಲುನೋವಿಗೆ ಅದ್ಭುತ, ದಂತವೈದ್ಯರೂ ಬಳಸುತ್ತಾರೆ. ಆದರೆ ಇದೇ ಯುಜೆನಾಲ್ ಅಕ್ರಿಲಿಕ್ ಜಾತಿಯ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ, ಇದು ಹಲ್ಲಿನ ಡಾಕ್ಟರುಗಳಿಗೆಲ್ಲ ಗೊತ್ತಿರುವ ಹಳೇ ವಿಷಯ. ಆಗಲೇ ಗಟ್ಟಿಯಾದ ಸೆಟ್ಟಿನ ಮೇಲೆ ಒಂದೆರಡು ಹನಿಯಿಂದ ಅನಾಹುತವೇನೂ ಆಗುವುದಿಲ್ಲ. ದಟ್ಟವಾದ ಎಣ್ಣೆಯಲ್ಲಿ ದಿನಾ ರಾತ್ರಿ ಮುಳುಗಿಸಿಟ್ಟರೆ ಮೇಲ್ಮೈ ಮೆತ್ತಗಾಗುವ ಭಯ ಇದ್ದೇ ಇದೆ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಕೂಡ ಒಳ್ಳೇ ದ್ರಾವಕ, ಥರ್ಮೋಕೋಲನ್ನೇ ಕರಗಿಸುತ್ತದೆ. ಸೆಟ್ಟಿನ ಪ್ಲಾಸ್ಟಿಕ್ ಬೇರೆ ಜಾತಿ, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಆದರೂ ಪರೀಕ್ಷೆ ಮಾಡಿ ನೋಡುವ ಆಸೆ ನನಗಿಲ್ಲ. ಇನ್ನು ಆಲ್ಕೋಹಾಲ್. ಅದು ಅಕ್ರಿಲಿಕ್ ಒಳಗೆ ನುಗ್ಗಿ ಕೂದಲೆಳೆಯಂಥ ಬಿರುಕು ಬಿಡಿಸುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. "ಬೇಸ್" ಅಂತ ಬರೆದು ಕೈ ತೊಳೆದುಕೊಂಡವರ ಮೇಲೆ ನನಗೆ ಸಿಟ್ಟು ಬಂದದ್ದು ಇದಕ್ಕೇ.

ಕೆಳಗಿನ ಸೆಟ್ಟಿನ ಮೆತ್ತನೆ ಪದರದ ಕಥೆ ಇನ್ನೂ ಸೂಕ್ಷ್ಮ. ಇದರಲ್ಲಿ ಎರಡು ಜಾತಿ, ಸಿಲಿಕೋನಿನದು ಒಂದು, ಅಕ್ರಿಲಿಕ್‌ನದು ಇನ್ನೊಂದು. ಅಕ್ರಿಲಿಕ್ ಜಾತಿಯದು ಮೆತ್ತಗಿರುವುದೇ ಒಳಗೆ ಬೆರೆಸಿರುವ ಒಂದು ಮೆದುಕಾರಕದಿಂದ. ಅದು ನಿಧಾನವಾಗಿ ಎಂಜಲಿಗೆ, ನೀರಿಗೆ ಸೋರಿಹೋಗುತ್ತಾ ಇರುತ್ತದೆ, ಪದರ ಗಟ್ಟಿಯಾಗುತ್ತಾ ಬರುತ್ತದೆ. ಎಣ್ಣೆ, ಆಲ್ಕೋಹಾಲ್ ಇರುವ ದ್ರಾವಣ ಈ ಸೋರಿಕೆಗೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ಅತ್ತೆಯದು ಯಾವ ಜಾತಿ ಅಂತ ನಮ್ಮ ಡಾಕ್ಟರಮ್ಮನನ್ನೇ ಕೇಳಿದೆ. ಅಕ್ರಿಲಿಕ್ ಅಂದರು, ಬಾಟಲಿ ತಿರುಗಿಸಿ ನೋಡಿ, "ಇದನ್ನ ಕೆಳಗಿನದಕ್ಕೆ ಹಾಕಲೇಬೇಡಿ, ಬರೀ ನೀರು, ಕೈಸೋಪು, ಮೆತ್ತನೆ ಬ್ರಷ್ ಸಾಕು" ಅಂದರು. ಹಾಗಾಗಿ ಕೆಳಗಿನ ಸೆಟ್ ಈ ಬಾಟಲಿ ಕಂಡೇ ಇಲ್ಲ. ಆಮೇಲೆ ಗೊತ್ತಾದ ವಿಷಯ, ಈ ಪದರಕ್ಕೆ ನೊರೆ ಮಾತ್ರೆಯೂ ಕೆಲವು ಸಲ ಆಗಿಬರುವುದಿಲ್ಲವಂತೆ. ಬರೀ ಮೂಲಿಕೆಯನ್ನೇ ಬೈಯಬಾರದು ಅಂತ ಹೇಳಿದೆ.

ಚಿಕ್ಕಪ್ಪನ ಹತ್ತಿರ ಹೋದಾಗ ಬಾಟಲಿ ಜೊತೆಗೇ ಒಯ್ದಿದ್ದೆ. ಅವರು ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. "ಇದ್ಕೆಲ್ಲ ದುಡ್ಡ್ ಯಾಕವ್ವ? ಬೇವಿನ ಸೊಪ್ಪು ಕುದ್ಸಿ ಬಿಸಿಬಿಸಿ ಉಯ್ದ್ರೆ ಆಯ್ತು, ಮ್ಯಾಲೊಂದಿಷ್ಟು ನಿಂಬೆಹುಳಿ, ಉಪ್ಪು." ಎಲೆ ಅಡಿಕೆ ಹಾಕುವವರು, ಕಲೆ ಜಾಸ್ತಿ, ಅದಕ್ಕೆ ಈ ಉಪಾಯ. ನಾನು ಹೇಳಿದೆ: ಚಿಕ್ಕಪ್ಪ, ಕುದಿಯುವ ನೀರಿನ ಶಾಖಕ್ಕೆ ಈ ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಗಾಗುತ್ತೆ, ಆಮೇಲೆ ಬಾಯಲ್ಲಿ ಕೂರುವುದೇ ಇಲ್ಲ. ನಿಂಬೆಹುಳಿಯ ಆಸಿಡ್ಡು, ಉಪ್ಪಿನ ಕ್ಲೋರೈಡು ಎರಡೂ ಲೋಹಕ್ಕೆ ಆಗದು. ಇಂಥ ಸೆಟ್ಟುಗಳ ಲೋಹ ಸಾಮಾನ್ಯವಾಗಿ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹ. ತುಕ್ಕು ಸುಲಭಕ್ಕೆ ಹಿಡಿಯುವುದಿಲ್ಲ ನಿಜ, ಆದರೆ ಆಸಿಡ್ ಮತ್ತು ಉಪ್ಪು ಸೇರಿದ ನೀರಿನಲ್ಲಿ ದಿನಾ ನೆನೆಸಿದರೆ ಹೊಳಪು ಹೋಗುತ್ತದೆ, ಸಣ್ಣ ಗುಳಿ ಬೀಳುತ್ತದೆ, ಕೊಕ್ಕೆ ಬಲ ಕಳೆದುಕೊಳ್ಳುತ್ತದೆ. ಬಟ್ಟೆ ಬ್ಲೀಚ್ ಅಂತೂ ಲೋಹಕ್ಕೆ ಬೇಡವೇ ಬೇಡ. ಬ್ಲೀಚಿಗೆ ನಿಂಬೆಹಣ್ಣೋ ವಿನೆಗರೋ ಸೇರಿಸಿದರೆ ಕ್ಲೋರಿನ್ ಅನಿಲ ಬರುತ್ತದೆ, ಬಚ್ಚಲುಮನೆಯಲ್ಲಿ ನಿಂತು ಕುಡಿಯುವ ಗಾಳಿಯಲ್ಲ ಅದು. ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು "ಆಯ್ತು ಬುಡವ್ವ, ಬಿಸಿ ನೀರು ಉಯ್ಯಲ್ಲ" ಅಂದರು. ನಿಂಬೆಹುಳಿ ವಿಷಯಕ್ಕೆ ಏನೂ ಹೇಳಲಿಲ್ಲ.

ಹಾಗಾದರೆ ಮೂಲಿಕೆ ಕೆಲಸವನ್ನೇ ಮಾಡುವುದಿಲ್ಲವಾ? ಮಾಡುತ್ತದೆ. ಅಂಟುವಾಳದಲ್ಲಿ ಸಪೋನಿನ್ ಇದೆ, ಸೋಪಿನ ಹಾಗೆ ನೊರೆ ಕೊಟ್ಟು ಜಿಡ್ಡು ಬಿಡಿಸುತ್ತದೆ, ಉಜ್ಜಿ ಗೀರುವುದಿಲ್ಲ. ಅತ್ತೆಯ ಈಗಿನ ಮೇಲಿನ ಸೆಟ್ಟಿನಲ್ಲಿ ಅನ್ನ, ಎಣ್ಣೆ ಜಿಡ್ಡೆಲ್ಲ ಹತ್ತು ನಿಮಿಷಕ್ಕೆ ಸಲೀಸಾಗಿ ಬಿಟ್ಟಿತು. ಬೆಳಗಿನ ವಾಸನೆ ಇರಲಿಲ್ಲ, ಕಾಫಿಯ ರುಚಿ ಕೆಡಲಿಲ್ಲ, ಅವರು ಕೊಡಿಸಿದ ಒಂದು ಸ್ಟಾರ್ ಇದಕ್ಕೇ. ಬೇವು, ಲವಂಗದ ಸಾರ ಕ್ಯಾಂಡಿಡಾ ಅನ್ನುವ ಬೂಷ್ಟನ್ನು ತಡೆಯುತ್ತದೆ ಅಂತ ಲ್ಯಾಬ್ ಪರೀಕ್ಷೆಗಳಲ್ಲಿ ಕಂಡಿದೆ. ಸೆಟ್ ಹಾಕುವವರಿಗೆ ಮೇಲಿನ ಅಂಗುಳು ಕೆಂಪಗಾಗಿ ಉರಿಯುತ್ತದಲ್ಲ, ಅದರಲ್ಲಿ ಈ ಕ್ಯಾಂಡಿಡಾದ ಕೈವಾಡ ಇರುತ್ತದೆ. ಆದರೆ ಲ್ಯಾಬಿನ ತಟ್ಟೆಯಲ್ಲಿ ತೇಲುವ ಬೂಷ್ಟು ಬೇರೆ, ಸೆಟ್ಟಿನ ಸಂದಿಯಲ್ಲಿ ಲೋಳೆ ಕಟ್ಟಿಕೊಂಡು ಕೂತಿರುವ ಬೂಷ್ಟು ಬೇರೆ. ಬ್ರೆಜಿಲ್‌ನ ಸಂಶೋಧಕರು ಹರಳು ಗಿಡದಿಂದ ಮಾಡಿದ ದ್ರಾವಣವನ್ನು ಸೆಟ್ಟುಗಳ ಮೇಲೆ ಪರೀಕ್ಷಿಸಿದ್ದಾರೆ. ಸ್ವಚ್ಛ ಮಾಡುವುದರಲ್ಲಿ ಅದು ಸುಮಾರಾಗಿ ನಿಂತಿತು, ಬೂಷ್ಟು ಕೊಲ್ಲುವುದರಲ್ಲಿ ಹೈಪೋಕ್ಲೋರೈಟಿನ ಮುಂದೆ ಹಿಂದೆ ಬಿತ್ತು. ಹೈಪೋಕ್ಲೋರೈಟ್ ಅಂದರೆ ನಮ್ಮ ಬ್ಲೀಚ್, ತುಂಬಾ ತೆಳು ಮಾಡಿ, ಡಾಕ್ಟರು ಹೇಳಿದ ಅಳತೆಗೆ, ಲೋಹವಿಲ್ಲದ ಸೆಟ್ಟಿಗೆ ಮಾತ್ರ, ಹತ್ತು ನಿಮಿಷ ಮೀರದ ಹಾಗೆ. ಜಾಸ್ತಿ ಹೊತ್ತು ಬಿಟ್ಟರೆ ಗುಲಾಬಿ ಬಿಳಚಿಕೊಳ್ಳುತ್ತದೆ.

ಬ್ರಷ್ ಮಾಡದೆ ಬರೀ ನೆನೆಸಿದರೆ ಯಾವ ದ್ರಾವಣವೂ ಪೂರ್ತಿ ಕೆಲಸ ಮಾಡುವುದಿಲ್ಲ. ಬ್ರಷ್ ಮೆತ್ತಗಿರಲಿ. ಹಲ್ಲುಪುಡಿ, ಟೂತ್‌ಪೇಸ್ಟ್ ಬೇಡ. ನಂಜನಗೂಡು ಹಲ್ಲುಪುಡಿಯಲ್ಲಿ ಹಲ್ಲುಜ್ಜಿ ಬೆಳೆದವರು ನಾವು, ಸ್ವಂತ ಹಲ್ಲಿಗೆ ಅದು ಸರಿ, ಆದರೆ ಯಾವ ಪುಡಿಯೇ ಆಗಲಿ, ಅಕ್ರಿಲಿಕ್ ಸ್ವಂತ ಹಲ್ಲಿಗಿಂತ ಎಷ್ಟೋ ಮೆದು, ಗೀರು ಬೀಳುತ್ತದೆ. ಮೇಲ್ಮೈಯ ಒರಟು 0.2 ಮೈಕ್ರೋಮೀಟರ್ ದಾಟಿದರೆ ಕೀಟಾಣುಗಳು ಜಾಸ್ತಿ ಹಿಡಿದು ಕೂರುತ್ತವೆ ಅಂತ ದಂತ ವಿಜ್ಞಾನದಲ್ಲಿ ಒಪ್ಪಿಕೊಂಡಿರುವ ಲೆಕ್ಕ. ಕಣ್ಣಿಗೆ ಕಾಣುವ ಗೀರು ಅದಕ್ಕಿಂತ ಎಷ್ಟೋ ದೊಡ್ಡದು. ಇದ್ದಿಲುಪುಡಿಯನ್ನು "ಆಕ್ಟಿವೇಟೆಡ್ ಚಾರ್ಕೋಲ್" ಅಂತ ಕಪ್ಪು ಡಬ್ಬಿಯಲ್ಲಿ ಮಾರಿದರೂ ಇದ್ದಿಲೇ.

ಬಾಟಲಿಯ ಬಗ್ಗೆ ಇನ್ನೆರಡು ದೂರು. ಮುಚ್ಚಳ ತೆರೆದ ಮೇಲೆ ಎಷ್ಟು ದಿನ ಬಳಸಬಹುದು ಅಂತ ಎಲ್ಲೂ ಬರೆದಿಲ್ಲ. ತಳದಲ್ಲಿ ಕಂದು ಗಸಿ ಕೂರುತ್ತದೆ, ಅಲ್ಲಾಡಿಸಿ ಬಳಸಿ ಅನ್ನುತ್ತದೆ ಲೇಬಲ್, ಆ ಗಸಿಯೇ ಸೆಟ್ಟಿನ ಸಂದಿಯಲ್ಲಿ ಹೋಗಿ ಕೂರುವುದು. ನಾನು ಅಲ್ಲಾಡಿಸದೆ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಂಡೆ, ಕಲೆ ಕಡಿಮೆಯಾಯಿತು. ಅಳತೆ ಮುಚ್ಚಳದ ಗೆರೆಯಂತೂ ವಯಸ್ಸಾದವರ ಕಣ್ಣಿಗೆ ಕಾಣುವುದೇ ಇಲ್ಲ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಹೀಗೆ. ಅತ್ತೆಯ ಮೇಲಿನ ಸೆಟ್ಟಿಗೆ ಊಟವಾದ ಮೇಲೆ ಈ ತಿಳಿ ನೀರು ಹತ್ತು ನಿಮಿಷ, ಮೆತ್ತನೆ ಬ್ರಷ್, ಆಮೇಲೆ ಚೆನ್ನಾಗಿ ತೊಳೆದು ರಾತ್ರಿ ಬರೀ ತಣ್ಣೀರಿನಲ್ಲಿ. ಒಣಗಲು ಬಿಡಬಾರದು, ಒಣಗಿದರೆ ಆಕಾರ ಕೆಡುತ್ತದೆ. ವಾರಕ್ಕೊಮ್ಮೆ ಮಾತ್ರೆ, ಅತ್ತೆ ಗೊಣಗಿದರೂ ಸರಿ. ಈ ಬಾಟಲಿ ಮುಗಿದ ಮೇಲೆ ಇದನ್ನೇ ತರುತ್ತೇನಾ ಅಂದರೆ ಇಲ್ಲ. ಅದೇ ಅಂಗಡಿಯಲ್ಲಿ ಬರೀ ಅಂಟುವಾಳ ತಂದು ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಜಿಡ್ಡು ತೆಗೆಯುವ ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ, 240 ರೂಪಾಯಿ ಉಳಿಯುತ್ತದೆ. ಆ ನೀರನ್ನು ಆವತ್ತಾವತ್ತೇ ಮಾಡಿಕೊಳ್ಳಬೇಕು, ಇಟ್ಟರೆ ಹುಳಿ ವಾಸನೆ ಬರುತ್ತದೆ. ತೊಳೆಯುವಾಗ ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ, ಉರಿ ತಡೆಯಲಾಗುವುದಿಲ್ಲ.

ರಿಪೇರಿಯಾದ ಸೆಟ್, ಮೆತ್ತನೆ ಪದರದ ಸೆಟ್, ಲೋಹದ ಕೊಕ್ಕೆಯ ಸೆಟ್ ಇರುವವರು ಈ ಬಾಟಲಿ ತೆಗೆದುಕೊಳ್ಳಬೇಡಿ. ಗಟ್ಟಿ ಅಕ್ರಿಲಿಕ್‌ನ ಪೂರ್ತಿ ಸೆಟ್ ಇರುವವರು, ಮಾತ್ರೆಯ ವಾಸನೆ ಆಗದವರು, ಸ್ವಲ್ಪ ಹೊತ್ತಿಗೆ ಮಾತ್ರ ಬಳಸುವುದಾದರೆ ತೆಗೆದುಕೊಳ್ಳಬಹುದು. ತಯಾರಕರು ಇದನ್ನು ಓದಿದರೆ ಮೂರೇ ಕೆಲಸ ಮಾಡಿ: ತ್ರಿಫಲ ತೆಗೆಯಿರಿ, "ಬೇಸ್" ಏನು ಅಂತ ಬರೆಯಿರಿ, "ರಾತ್ರಿಯಿಡೀ" ಅನ್ನುವುದನ್ನು ಹೊಡೆದುಹಾಕಿ. ಇನ್ನೊಂದು ಸ್ಟಾರ್ ನಾನೇ ಬಂದು ಸೇರಿಸುತ್ತೇನೆ.